"ಅದೇ ಇದು" ಎಂಬ ಅರಿವು



ಜೀರ್ಣೋದ್ಧಾರದ ಕಾರ್ಯವು ಆರಂಭವಾದಂದಿನಿಂದ ನಮ್ಮ ದೇವಳದ ಅಂಗಳದಲ್ಲಿ ಒಂದು ಪ್ರಶ್ನೆಯು ಆಗಾಗ ಕೇಳಿಬರುತ್ತಲಿದೆ. ಗರ್ಭಗುಡಿಯ ಮಾಡಿನ ಹಳೆಯ ಪಕ್ಕಾಸುಗಳನ್ನೆಲ್ಲ ಇಳಿಸಿ ಹೊಸವನ್ನು ಏರಿಸಿದ್ದಾಯಿತು. ಮೇಲೆ ಹೊದೆಸಿದ ತಾಮ್ರದ ತಗಡು ಹೊಸದು. ನೀರಿಳಿದು ಸಡಿಲವಾಗಿದ್ದ ಮುರಕಲ್ಲಿನ ಗೋಡೆಯನ್ನು ಬಿಚ್ಚಿ ಶಿಲೆಯಲ್ಲಿ ಕಟ್ಟಿದ್ದಾಯಿತು. ಸುತ್ತುಪೌಳಿಯಂತೂ ಪಂಚಾಂಗದಿಂದಲೇ ಹೊಸದು. ಶ್ರಮದಾನಕ್ಕೆ ಬಂದಿದ್ದ ಒಬ್ಬ ಹುಡುಗನು ಕಲ್ಲು ಹೊರುತ್ತಿರುವಾಗಲೇ ಕೇಳಿದನು: "ಎಲ್ಲವನ್ನೂ ಬದಲಿಸಿದ ಮೇಲೆ ಇದು ಅದೇ ದೇವಸ್ಥಾನ ಆಗುವುದು ಹೇಗೆ ಮಾಷ್ಟ್ರೇ?" ಪಕ್ಕದಲ್ಲಿದ್ದ ಮರದ ಆಚಾರಿಯು ಉಳಿಯನ್ನು ಕೆಳಗಿಡದೆಯೇ "ಅದು ತನ್ನೆ" ಎಂದು ಮಲೆಯಾಳದಲ್ಲಿ ಉತ್ತರವಿತ್ತನು.

ಆಚಾರಿಯ ಈ ಮಾತನ್ನು, ಎರಡು ನುಡಿಗಳನ್ನು ಬಲ್ಲ ನಾವು ತುಸು ನಿಂತು ನೋಡತಕ್ಕದ್ದು. ಮಲೆಯಾಳದ 'ತನ್ನೆ'ಯೂ ಕನ್ನಡದ 'ತಾನೇ' ಎಂಬುದೂ ಒಂದೇ ಬೇರಿನ ಚಿಗುರುಗಳು. 'ತಾನ್' ಎಂದರೆ ಸ್ವಯಂ, ಆತ್ಮ. ಒಂದು ವಸ್ತುವು ಹಿಂದಿನದೇ ಎಂದು ಹೇಳಬೇಕಾದಾಗ ನಮ್ಮ ನೆರೆಯ ನುಡಿಯು ಆತ್ಮವಾಚಕವಾದ ಶಬ್ದವನ್ನೇ ಹಿಡಿಯುತ್ತದೆ. ವಸ್ತುವಿನ 'ಅದೇತನ'ಕ್ಕೂ ನೋಡುವವನ 'ತಾನುತನ'ಕ್ಕೂ ಏನೋ ನಂಟಿರಬೇಕೆಂದು ನುಡಿಯೇ ಊಹಿಸಿದಂತಿದೆ. ಆ ನಂಟು ಯಾವುದೆಂಬ ವಿಷಯದಲ್ಲಿ ಭಾರತದ ದಾರ್ಶನಿಕರು ಶತಶತಮಾನಗಳ ಕಾಲ ವಾದ ಮಾಡಿದ್ದಾರೆ. ಆ ವಾದದ ಒಂದೆರಡು ಎಳೆಗಳನ್ನು, ನನ್ನ ಮನೆಯಲ್ಲಿಯೇ ಕಂಡುಂಡ ಸಂಗತಿಗಳ ಸಹಾಯದಿಂದ ಇಲ್ಲಿ ಬಿಡಿಸಿಡಲು ಯತ್ನಿಸುತ್ತೇನೆ.

ಶಾಸ್ತ್ರದಲ್ಲಿ ಈ ಅರಿವಿಗೆ ಪ್ರತ್ಯಭಿಜ್ಞೆ ಎಂದು ಹೆಸರು. ಕಣ್ಣೆದುರಿಗಿರುವುದನ್ನು ತಿಳಿಸುವುದು ಪ್ರತ್ಯಕ್ಷ. ಕಳೆದುಹೋದುದನ್ನು ತಿಳಿಸುವುದು ಸ್ಮೃತಿ. ಇವೆರಡೂ ಒಂದೇ ಜ್ಞಾನದಲ್ಲಿ ಬೆಸೆದುಕೊಂಡಾಗ "ಅದೇ ಇದು" ಎಂಬ ಅರಿವು ಹುಟ್ಟುತ್ತದೆ. ಹಿಂದೆ ಬೇರೊಂದು ಊರಿನಲ್ಲಿ ಕಂಡಿದ್ದ ದೇವದತ್ತನೆಂಬವನನ್ನು ಇಂದು ನಮ್ಮೂರಿನಲ್ಲಿ ಕಂಡು "ಆತನೇ ಈತ" ಎನ್ನುವುದು ಇದಕ್ಕೆ ಗ್ರಂಥಗಳಲ್ಲಿ ಬರುವ ರೂಢಿಯ ಉದಾಹರಣೆ. 'ಆತ' ಎಂಬುದರಲ್ಲಿ ಹಿಂದಿನ ಊರೂ ಹಿಂದಿನ ಕಾಲವೂ ಇವೆ. 'ಈತ' ಎಂಬುದರಲ್ಲಿ ಈ ಊರೂ ಈ ಕಾಲವೂ ಇವೆ. ಇವೆರಡನ್ನೂ ದಾಟಿ ನಿಂತ ಒಬ್ಬನು ಇದ್ದಾನೆಯೆ? ಇದ್ದರೆ ಅವನಾರು?

ಮೊದಲು ವಸ್ತುಗಳ ವಿಚಾರವನ್ನೇ ತೆಗೆದುಕೊಳ್ಳೋಣ. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಮಾಡಿಗೆ ಮುಳಿಹುಲ್ಲಿನ ಹೊದಿಕೆಯಿತ್ತು. ಮುಂದೆ ಮಂಗಳೂರು ಹಂಚು ಬಂದಿತು. ಆ ಹಂಚೂ ಹೋಗಿ ಈಗ ತಾರಸಿಯಾಗಿದೆ. ಮಣ್ಣಿನ ಗೋಡೆ ಹೋಗಿ ಮುರಕಲ್ಲಿನ ಗೋಡೆಯಾಗಿದೆ. ಹಳೆಯದೆಂದು ಉಳಿದಿರುವುದು ಹಲಸಿನ ಮರದ ಒಂದು ದಾರಂದ ಮಾತ್ರ. ಆದರೂ "ನೀವು ಹುಟ್ಟಿದ ಮನೆ ಯಾವುದು?" ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ನ್ಯಾಯ ವೈಶೇಷಿಕರು ಇಂಥಲ್ಲಿ ಬಲು ಕಟ್ಟುನಿಟ್ಟಿನವರು. ಎಳೆಗಳಿಂದ ಬೇರಾದ 'ಬಟ್ಟೆ' ಎಂಬ ಒಂದು ಅವಯವಿಯು ನಿಜವಾಗಿ ಉಂಟೆಂದು ಅವರು ಒಪ್ಪುತ್ತಾರೆ. ಆದರೆ ಒಂದೆಳೆಯನ್ನು ಕಿತ್ತರೂ ಮೊದಲಿನ ಬಟ್ಟೆ ನಾಶವಾಗಿ ಬೇರೊಂದು ಬಟ್ಟೆ ಹುಟ್ಟಿತೆಂದೇ ಅವರ ಲೆಕ್ಕ. ಆ ಲೆಕ್ಕದಂತೆ ನಾನು ಹುಟ್ಟಿದ ಮನೆ ಎಂದೋ ಇಲ್ಲವಾಗಿದೆ. ಮನೆಯಷ್ಟೇ ಏಕೆ, ಮಗುವಾಗಿದ್ದಾಗಿನ ನನ್ನ ಶರೀರವೂ ಇಲ್ಲವಾಗಿದೆ. ಇದನ್ನು ಕೇಳಿ ಗಾಬರಿಗೊಳ್ಳಬೇಕಾಗಿಲ್ಲ, ಏಕೆಂದರೆ ಈ ಕಟ್ಟುನಿಟ್ಟಿನಿಂದಲೇ ಅವರು ತಮ್ಮ ಮುಖ್ಯವಾದ ಯುಕ್ತಿಯನ್ನು ಹೊರಡಿಸುತ್ತಾರೆ. ಶರೀರವೇ ನಾನಾಗಿದ್ದರೆ, ಮಗುವಿನ ಶರೀರವು ಕಂಡುದನ್ನು ಮುದುಕನ ಶರೀರವು ನೆನೆಯಲಾರದು. ಒಬ್ಬನು ಕಂಡುದನ್ನು ಇನ್ನೊಬ್ಬನು ನೆನೆಯುವುದುಂಟೆ? ಮುಳಿಹುಲ್ಲಿನ ಮಾಡಿನಿಂದ ಮಳೆಹನಿ ಸೋರುತ್ತಿದ್ದುದು ನನಗೆ ನೆನಪಿದೆ. ಆದುದರಿಂದ ಅಂದು ಕಂಡವನೂ ಇಂದು ನೆನೆಯುವವನೂ ಒಬ್ಬನೇ, ಮತ್ತು ಅವನು ಶರೀರವಲ್ಲ.

ಬೌದ್ಧರು ಇದನ್ನು ಒಪ್ಪುವವರಲ್ಲ. ಕ್ರಿ.ಪೂ. 2ನೆಯ ಶತಮಾನದ ಯವನರಾಜ ಮಿಲಿಂದನಿಗೂ ನಾಗಸೇನ ಭಿಕ್ಷುವಿಗೂ ನಡೆದ ಸಂವಾದವೆಂದು ಪಾಳಿ ಭಾಷೆಯ 'ಮಿಲಿಂದಪಞ್ಹ' ಎಂಬ ಗ್ರಂಥದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ರಥದಲ್ಲಿ ಬಂದ ರಾಜನನ್ನು ಭಿಕ್ಷುವು ಕೇಳುತ್ತಾನೆ: ಅಚ್ಚು ರಥವೆ? ಗಾಲಿ ರಥವೆ? ನೊಗ ರಥವೆ? ಯಾವುದೂ ಅಲ್ಲವೆಂದಾದರೆ ರಥವೆಲ್ಲಿ? ಅವಯವಗಳು ಕೂಡಿದಾಗ ವ್ಯವಹಾರಕ್ಕಾಗಿ ಇಟ್ಟ ಹೆಸರು 'ರಥ'. ಹಾಗೆಯೇ 'ನಾನು' ಎಂಬುದೂ ಒಂದು ಹೆಸರು. ಇರುಳೆಲ್ಲ ಉರಿಯುವ ದೀಪದ ಮಾತೂ ಅಲ್ಲಿಯೇ ಬರುತ್ತದೆ. ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೇ ಎನ್ನಲಾಗದು. ಎಣ್ಣೆ ಉರಿದು ಹೋಗಿದೆ, ಬತ್ತಿ ಕರಗಿದೆ. ಬೇರೆ ಎಂದು ಸಾರಾಸಗಟಾಗಿ ಹೇಳಲೂ ಆಗದು. ಒಂದು ಇನ್ನೊಂದನ್ನು ಹೊತ್ತಿಸಿಯೇ ಹೋಗಿದೆ. ನಮ್ಮ ನಂದಾದೀಪದ ಮುಂದೆ ಕುಳಿತು ಈ ಮಾತನ್ನು ಯೋಚಿಸಿದರೆ ಬೌದ್ಧರ ವಾದವನ್ನು ಹಗುರಾಗಿ ತಳ್ಳಿಹಾಕಲು ಮನಸ್ಸು ಬಾರದು. ನಮ್ಮ ಕೆಲವು ಪ್ರವಚನಕಾರರು ಅವರನ್ನು ಒಂದೇ ಮಾತಿನಲ್ಲಿ ಖಂಡಿಸಿ ಮುಂದೆ ಹೋಗುತ್ತಾರೆ. ಅದು ಪ್ರತಿವಾದಿಗೂ ಶ್ರೋತೃಗಳಿಗೂ ಮಾಡುವ ಅನ್ಯಾಯವೆಂದು ನನ್ನ ಅಭಿಪ್ರಾಯ.

ಜೈನರು ಹುಟ್ಟು, ಅಳಿವು, ಉಳಿವು ಈ ಮೂರೂ ಸೇರಿಯೇ ವಸ್ತುವಾಗುತ್ತದೆಂದು ಹೇಳಿದರು. ಸಮಂತಭದ್ರಾಚಾರ್ಯರು 'ಆಪ್ತಮೀಮಾಂಸೆ'ಯಲ್ಲಿ ಕೊಟ್ಟ ನಿದರ್ಶನವು ನಮ್ಮ ಮನೆಯಲ್ಲಿಯೇ ನಡೆದುಹೋಗಿದೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ, ಕೊಡ ಬೇಕೆಂದವನಿಗೆ ದುಃಖ, ಕಿರೀಟ ಬೇಕೆಂದವನಿಗೆ ಹರ್ಷ, ಚಿನ್ನ ಮಾತ್ರ ಸಾಕೆಂದವನಿಗೆ ಎರಡೂ ಇಲ್ಲವೆಂದು ಅವರು ಹೇಳುತ್ತಾರೆ. ನಮ್ಮ ಅಜ್ಜಿಯ ಅವಲಕ್ಕಿ ಸರವನ್ನು ಅಕ್ಕನ ಮದುವೆಗಾಗಿ ಬಳೆ ಮಾಡಿಸಿದಾಗ ಅಜ್ಜಿ ಒಳಕೋಣೆಗೆ ಹೋಗಿ ಅತ್ತರು. ಅಕ್ಕ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅಕ್ಕಸಾಲಿಗನು ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಮೂವರೂ ನೋಡುತ್ತಿದ್ದುದು ಒಂದೇ ವಸ್ತುವನ್ನು.

ಇನ್ನು ಶಂಕರಾಚಾರ್ಯರ ಕಡೆಗೆ ತಿರುಗೋಣ. ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಕ್ಷಣಿಕವಾದವನ್ನು ವಿಚಾರಿಸುವಾಗ ಅವರು ಒಂದು ಸೂಕ್ಷ್ಮವಾದ ಭೇದವನ್ನು ತೋರಿಸುತ್ತಾರೆ. ಹೊರಗಿನ ವಸ್ತುವಿನಲ್ಲಿ "ಇದು ಅದೇಯೋ, ಅದರಂತಿರುವ ಬೇರೊಂದೋ" ಎಂಬ ಸಂಶಯ ಬರಬಹುದು. ದೀಪದ ಜ್ವಾಲೆಯ ವಿಷಯದಲ್ಲಿ ಬೌದ್ಧರ ಮಾತಿಗೆ ಅಲ್ಲಿ ಎಡೆಯುಂಟು. ಆದರೆ ಅರಿಯುವ ತನ್ನ ವಿಷಯದಲ್ಲಿ "ನಿನ್ನೆ ಕಂಡವನು ನಾನೋ, ನನ್ನಂತಿರುವ ಇನ್ನೊಬ್ಬನೋ" ಎಂದು ಯಾರೂ ಎಂದೂ ಸಂಶಯಪಡುವುದಿಲ್ಲ. ಈ ಮಾತನ್ನು ನಮ್ಮ ಸೀಮೆಯವರು ಬೇಗನೆ ತಿಳಿಯಬಲ್ಲರು. ನಾನು ಹುಟ್ಟಿದಾಗ ಈ ನೆಲವು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ರಂದು ಕೇರಳವಾಯಿತು. 1957ರಿಂದ ಕಣ್ಣೂರು ಜಿಲ್ಲೆ. 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಇದೇ ನೆಲವೆ, ಬೇರೆ ನೆಲವೆ ಎಂದು ಯಾರಾದರೂ ವಾದಿಸಲಿ. ಕಚೇರಿಯ ಕಾಗದಗಳಲ್ಲಿ ಹಾಗೆ ವಾದಿಸಿದವರೂ ಇದ್ದಾರೆ. ಆದರೆ ಮೂರನೆಯ ತರಗತಿಯಲ್ಲಿ ಹಲಗೆಯ ಮೇಲೆ ಜಿಲ್ಲೆಯ ಹೆಸರನ್ನು ಅಳಿಸಿ ಬರೆದ ಹುಡುಗನು ನಾನೇ ಎಂಬುದರಲ್ಲಿ ನನಗೆ ಸಂಶಯವೆಂಬುದು ಹುಟ್ಟುವುದೇ ಇಲ್ಲ.

ಇಷ್ಟು ದೂರ ದಾರಿ ಸುಗಮವಾಗಿದೆ. ನೆನಪು ಇದೆ, ಆದುದರಿಂದ ನೆನೆಯುವ ಆತ್ಮವೊಂದಿದೆ. ಇದನ್ನು ನಾನು ಮಕ್ಕಳಿಗೂ ಹೇಳಿಕೊಟ್ಟಿದ್ದೆನು. ಆದರೆ ನೆನಪೇ ಹೋದರೆ?

ನಮ್ಮ ತಾಯಿಯವರಿಗೆ ಎಂಬತ್ತು ದಾಟಿದ ಬಳಿಕ ಮರೆವು ಬಂದಿತು. ಮೊದಲು ಪಾತ್ರೆಪಡಗ ಇಟ್ಟ ಜಾಗ ಮರೆಯಿತು, ಆಮೇಲೆ ಹೆಸರುಗಳು, ಕೊನೆಗೆ ಮುಖಗಳು. ವೈದ್ಯರು ಮಿದುಳು ಸವೆಯುವ ರೋಗವೆಂದರು. ಒಂದು ಸಂಜೆ ನಾನು ಪೇಟೆಯಿಂದ ಬಂದು ಜಗಲಿಯಲ್ಲಿ ಕುಳಿತಾಗ ಅವರು ಒಳಗಿನಿಂದ ಒಂದು ತಂಬಿಗೆ ನೀರನ್ನೂ ಬೆಲ್ಲದ ತುಂಡನ್ನೂ ತಂದು ನನ್ನ ಮುಂದಿಟ್ಟು, "ಬಾಯಾರಿಕೆ ತೆಗೆದುಕೊಳ್ಳಿ. ನೀವು ಎಲ್ಲಿಂದ ಬಂದದ್ದು?" ಎಂದು ಕೇಳಿದರು. ನಾನು ಏನು ಹೇಳಬೇಕೆಂದು ತೋರದೆ ಸುಮ್ಮನಿದ್ದೆನು. ಅವರೇ ಮುಂದುವರಿಸಿದರು: "ನನಗೊಬ್ಬ ಮಗ ಇದ್ದಾನೆ. ಶಾಲೆಗೆ ಹೋಗಿದ್ದಾನೆ. ಬರುವ ಹೊತ್ತಾಯಿತು." ಹೀಗೆಂದು ತೋಟದ ದಾರಿಯನ್ನೇ ನೋಡುತ್ತ ನಿಂತರು.

ಅಂದಿನಿಂದ ನಾಲ್ಕು ವರ್ಷ ಅವರು ಬದುಕಿದ್ದರು. "ಅಮ್ಮ ಎಂದೋ ಹೋದರು, ಉಳಿದದ್ದು ದೇಹ ಮಾತ್ರ" ಎಂದು ಕನಿಕರದಿಂದಲೇ ಹೇಳಿದ ನೆಂಟರೂ ಇದ್ದರು. ಸ್ಮೃತಿಯೇ ಆತ್ಮನಿಗೆ ಪ್ರಮಾಣವಾದರೆ ಅವರ ಮಾತನ್ನು ಅಲ್ಲಗಳೆಯುವುದು ಹೇಗೆ? ಆ ದಿನಗಳಲ್ಲಿ ನಾನು ನ್ಯಾಯಸೂತ್ರಗಳ ಹಳೆಯ ಪ್ರತಿಯನ್ನು ಮತ್ತೆ ಬಿಡಿಸಿದುದು ಪಾಂಡಿತ್ಯಕ್ಕಾಗಿ ಆಗಿರಲಿಲ್ಲ.

ಅಲ್ಲಿ ಎರಡು ಸಂಗತಿಗಳು ನನ್ನ ಕಣ್ಣಿಗೆ ಬಿದ್ದವು. ಒಂದನೆಯದು: ಗೌತಮರು ಆತ್ಮನಿಗೆ ಹೇಳಿದ ಲಿಂಗಗಳು, ಎಂದರೆ ಗುರುತುಗಳು, ಆರು. ಇಚ್ಛೆ, ದ್ವೇಷ, ಪ್ರಯತ್ನ, ಸುಖ, ದುಃಖ, ಜ್ಞಾನ. ಎರಡನೆಯದು: ಲಿಂಗವೆಂದರೆ ಹೊಗೆಯಂತೆ, ಹೊಗೆ ಇದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ, ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕೆಂಬ ನಿಯಮವಿಲ್ಲ. ಇದಕ್ಕೆ ತರ್ಕಶಾಸ್ತ್ರದಲ್ಲಿ ಕೊಡುವ ಉದಾಹರಣೆ ಕೆಂಪಗೆ ಕಾದ ಕಬ್ಬಿಣದ ಗುಂಡು. ಅದರಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ತರ್ಕದ ಮೊದಲ ಪಾಠದಲ್ಲಿಯೇ ಕಲಿತು ಬಾಯಿಪಾಠ ಮಾಡಿಬಿಟ್ಟ ಈ ಉದಾಹರಣೆಯು ಎಂಥ ಧೈರ್ಯವನ್ನು ಕೊಡಬಲ್ಲುದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ನೆನಪು ಆತ್ಮನ ಹೊಗೆ. ಹೊಗೆ ನಿಂತಿತೆಂಬುದರಿಂದ ಬೆಂಕಿ ಆರಿತೆಂದು ಊಹಿಸುವುದು ತರ್ಕಕ್ಕೆ ಸಲ್ಲುವುದಿಲ್ಲ.

ಬಳಿಕ ನಾನು ಆ ಆರು ಗುರುತುಗಳನ್ನು ಹುಡುಕುತ್ತ ತಾಯಿಯವರನ್ನು ನೋಡತೊಡಗಿದೆನು. ಕುಚ್ಚಲಕ್ಕಿ ಗಂಜಿಗೆ ತುಪ್ಪ ಬಿದ್ದರೆ ಮುಖ ಅರಳುತ್ತಿತ್ತು. ಕಷಾಯದ ಲೋಟವನ್ನು ಎರಡು ಬೆರಳಿನಿಂದ ದೂರ ತಳ್ಳುತ್ತಿದ್ದರು. ಹಟ್ಟಿಯಲ್ಲಿ ಕರು ಕೂಗಿದರೆ ಎದ್ದು ನಿಲ್ಲುತ್ತಿದ್ದರು. ಮಡಿಲಲ್ಲಿ ಹತ್ತಿಯನ್ನಿಟ್ಟರೆ ಸಾಕು, ಕೈಗಳು ತಾವಾಗಿಯೇ ದೇವಳದ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದವು. ಮರೆವು ಬರುವ ಮೊದಲು ಹೊಸೆದ ಬತ್ತಿಗೂ ಈ ಬತ್ತಿಗೂ ಎಳೆಯಷ್ಟು ಭೇದವಿರಲಿಲ್ಲ. ಇಚ್ಛೆ, ದ್ವೇಷ, ಸುಖ, ದುಃಖ, ಪ್ರಯತ್ನ: ಯಾವುದು ಹೋಗಿತ್ತು?

ಒಂದು ಮಾವಿನಮಿಡಿಯ ಕಾಲದಲ್ಲಿ ನಡೆದುದನ್ನು ಹೇಳಲೇಬೇಕು. ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ಒಂದು ಯುಕ್ತಿಯಿದೆ. ಹುಳಿಹಣ್ಣನ್ನು ಕಣ್ಣು ಕಂಡರೆ ನಾಲಿಗೆಯಲ್ಲಿ ನೀರೂರುತ್ತದೆ. ಕಂಡದ್ದು ಕಣ್ಣು, ವಿಕಾರವಾದದ್ದು ನಾಲಿಗೆ. ಹಿಂದೆ ಹುಳಿಯನ್ನು ಸವಿದವನೂ ಈಗ ಹಣ್ಣನ್ನು ನೋಡುವವನೂ ಒಬ್ಬನೇ ಆಗಿಲ್ಲದಿದ್ದರೆ ಹೀಗಾಗದೆಂಬುದು ಸೂತ್ರಕಾರರ ಅಭಿಪ್ರಾಯ. ನಾನು ಉಪ್ಪಿನಕಾಯಿಗೆಂದು ಕಾಟುಮಾವಿನ ಮಿಡಿಗಳನ್ನು ಜಗಲಿಯಲ್ಲಿ ಸುರಿದಾಗ, ನನ್ನನ್ನು ಗುರುತಿಸದ ತಾಯಿಯವರು ಅವನ್ನು ನೋಡಿ ಬಾಯಲ್ಲಿ ಊರಿದ ನೀರನ್ನು ನುಂಗಿಕೊಂಡರು. ಆಮೇಲೆ ಒಂದು ಮಿಡಿಯನ್ನೆತ್ತಿ ತೊಟ್ಟು ಮುರಿದು ಮೂಸಿ, "ಇದು ಆಗುತ್ತದೆ" ಎಂದರು. ಮಿಡಿ ಆರಿಸುವುದರಲ್ಲಿ ಊರಿಗೇ ಅವರ ಮಾತು ಕೊನೆಯ ಮಾತಾಗಿತ್ತು. ಎಪ್ಪತ್ತು ಬೇಸಿಗೆಗಳ ಅನುಭವವು ಆ ಒಂದು ಮಾತಿನಲ್ಲಿತ್ತು. ಅನುಭವವು ಆತ್ಮನಲ್ಲಿ ಸಂಸ್ಕಾರವಾಗಿ ಉಳಿಯುತ್ತದೆ. ಅದನ್ನು ಎಬ್ಬಿಸುವ ಉದ್ಬೋಧಕವು ಒದಗಿದಾಗ ಮಾತ್ರ ಸ್ಮೃತಿಯಾಗುತ್ತದೆ ಎಂದು ನೈಯಾಯಿಕರು ವಿಂಗಡಿಸಿದುದು ಎಷ್ಟು ಸರಿಯೆಂದು ಅಂದು ಕಂಡೆನು. ನಾನು ಉದ್ಬೋಧಕನಾಗದೆ ಹೋದೆನು, ಮಾವಿನಮಿಡಿ ಆಯಿತು! ಇದರಲ್ಲಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಬೌದ್ಧನು ಇದಕ್ಕೂ ಉತ್ತರ ಹೇಳಿಯಾನು. ಸಂಸ್ಕಾರಗಳ ಹರಿವೇ ಸಾಕು, ಹೊರುವವನೊಬ್ಬನು ಬೇಡವೆಂದು ಅವನು ಅನ್ನುವನು. ವೈದ್ಯನೂ ಮಿದುಳಿನ ಈ ಭಾಗ ಕೆಟ್ಟಿತು, ಆ ಭಾಗ ಉಳಿಯಿತು ಎನ್ನುವನು. ವೈದ್ಯನ ಮಾತಿಗೆ ನನ್ನ ವಿರೋಧವಿಲ್ಲ. ಮನಸ್ಸು ಒಂದು ಕರಣ, ಉಪಕರಣ ಕೆಡಬಹುದೆಂದು ನಮ್ಮವರೂ ಒಪ್ಪುತ್ತಾರೆ. ಬೌದ್ಧನಿಗೆ ಕೊಡಬೇಕಾದ ಉತ್ತರವನ್ನು ನಮ್ಮ ಈ ಸೀಮೆಗೆ ಹತ್ತಿರದ ಒಬ್ಬ ಆಚಾರ್ಯರಿಂದ ಪಡೆಯಬಹುದು. ಕುಂಬಳೆಯ ಅರಸ ಜಯಸಿಂಹನ ಕಾಲದಲ್ಲಿ ಮಧ್ವಾಚಾರ್ಯರಿಗೂ ತ್ರಿವಿಕ್ರಮ ಪಂಡಿತಾಚಾರ್ಯರಿಗೂ ಹದಿನೈದು ದಿನ ವಾದ ನಡೆದುದು ಈ ನೆಲದಲ್ಲಿಯೇ. ಮಧ್ವರ ಮತದಲ್ಲಿ ಸಾಕ್ಷಿ ಎಂಬುದೊಂದಿದೆ. ಅದು ಜೀವನ ಸ್ವರೂಪವೇ ಆದ ಇಂದ್ರಿಯ, ಮನಸ್ಸಿಗಿಂತ ಬೇರೆ. ತಾನು ಇದ್ದೇನೆ ಎಂಬುದನ್ನೂ ತನ್ನ ಸುಖದುಃಖಗಳನ್ನೂ ಕಾಲವನ್ನೂ ಅದು ನೇರಾಗಿ ಅರಿಯುತ್ತದೆ, ತಪ್ಪದೆ ಅರಿಯುತ್ತದೆ. ಮನಸ್ಸು "ಇವನಾರು?" ಎಂಬಲ್ಲಿ ಸೋಲಬಹುದು, "ನನಗೆ ನೋಯುತ್ತಿದೆ" ಎಂಬಲ್ಲಿ ಸಾಕ್ಷಿಯು ಸೋಲುವುದಿಲ್ಲ. ತಾಯಿಯವರ ಕಾಲಿಗೆ ಎಣ್ಣೆ ತಿಕ್ಕುವಾಗ ಮಂಡಿಯ ಬಳಿ "ಹಾ" ಎಂದು ಕೈ ಹಿಡಿಯುತ್ತಿದ್ದರು. ಆ 'ಹಾ' ಯಾರದು ಎಂದು ಕೇಳಿದರೆ, ಯಾರದೂ ಅಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಛಾಂದೋಗ್ಯೋಪನಿಷತ್ತಿನ ಎಂಟನೆಯ ಅಧ್ಯಾಯದಲ್ಲಿ ಇಂದ್ರನು ಪ್ರಜಾಪತಿಯೊಡನೆ ಇದೇ ದೂರನ್ನು ಹೇಳಿಕೊಂಡನು. ಗಾಢನಿದ್ರೆಯಲ್ಲಿರುವವನೇ ಆತ್ಮನೆಂದು ಗುರುಗಳು ಉಪದೇಶಿಸಿದಾಗ ಅವನು ಅರ್ಧದಾರಿಯಿಂದ ಮರಳಿ ಬಂದನು. ನಿದ್ರೆಯಲ್ಲಿ "ಇವನು ನಾನು" ಎಂಬ ಅರಿವೂ ಇಲ್ಲ, ಇತರರ ಅರಿವೂ ಇಲ್ಲ. ಅವನು ನಾಶವಾದಂತೆಯೇ ಆಯಿತಲ್ಲ, ಇದರಲ್ಲಿ ನನಗೆ ಯಾವ ಹಿತವೂ ಕಾಣದು ಎಂದನು. ಪ್ರಜಾಪತಿಯು ಗದರಿಸಲಿಲ್ಲ. ನೀನು ಹೇಳುವುದು ಸರಿಯಾಗಿದೆ, ಇನ್ನೈದು ವರ್ಷ ಇರು ಎಂದನು. ಮೂರು ಸಲ ಮೂವತ್ತೆರಡು ಮತ್ತು ಐದು, ಒಟ್ಟು ನೂರ ಒಂದು ವರ್ಷ ಇಂದ್ರನು ಅಲ್ಲಿದ್ದನು. ಅವನೊಡನೆ ಬಂದಿದ್ದ ವಿರೋಚನನು ಮೊದಲ ಪಾಠವನ್ನೇ, ಶರೀರವೇ ಆತ್ಮನೆಂಬುದನ್ನೇ, ನೆಚ್ಚಿ ತೃಪ್ತನಾಗಿ ಹೋಗಿಬಿಟ್ಟಿದ್ದನು. ಕೊನೆಗೆ ಇಂದ್ರನಿಗೆ ತಿಳಿದುದು ಇಷ್ಟು: ಕಣ್ಣು ನೋಡುವುದಕ್ಕೆ, ಮೂಗು ಮೂಸುವುದಕ್ಕೆ, ಮನಸ್ಸು ಬಗೆಯುವುದಕ್ಕೆ, "ಇದನ್ನು ನೋಡುವೆನು, ಇದನ್ನು ಮೂಸುವೆನು" ಎಂದು ಹೊರಡುವವನು ಆತ್ಮ.

ನನ್ನನ್ನೇ ಎದುರಿಗಿಟ್ಟುಕೊಂಡು ನನ್ನ ದಾರಿಯನ್ನು ಕಾಯುತ್ತಿದ್ದ ತಾಯಿಯವರ ಚಿತ್ರವು ಕಾಶ್ಮೀರದ ಉತ್ಪಲದೇವರ ಗ್ರಂಥವನ್ನು ಓದುವಾಗ ಮತ್ತೆ ಎದ್ದುಬಂದಿತು. ಹತ್ತನೆಯ ಶತಮಾನದ ಈ ಶೈವಾಚಾರ್ಯರು ತಮ್ಮ ದರ್ಶನಕ್ಕೆ ಪ್ರತ್ಯಭಿಜ್ಞೆ ಎಂದೇ ಹೆಸರಿಟ್ಟರು. ಅವರು 'ಈಶ್ವರಪ್ರತ್ಯಭಿಜ್ಞಾಕಾರಿಕೆ'ಯ ಕೊನೆಯಲ್ಲಿ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾರೆ. ಒಬ್ಬ ಯುವತಿಯು ಒಬ್ಬನ ಗುಣಗಳನ್ನು ಕೇಳಿಯೇ ಅವನಿಗೆ ಮನಸೋತಿದ್ದಾಳೆ. ಅವನು ಬಂದು ಎದುರಿಗೆ ನಿಂತರೂ ಇತರರಂತೆ ಇವನೊಬ್ಬನೆಂದು ಬಗೆದು ಅವಳಿಗೆ ಸಂತೋಷವಿಲ್ಲ. "ಅವನೇ ಇವನು" ಎಂದು ತಿಳಿದೊಡನೆ ತುಂಬಿ ಬರುತ್ತದೆ. ಈಶ್ವರನೂ ನಮ್ಮ ಆತ್ಮವಾಗಿ ಹೀಗೆಯೇ ಎದುರು ನಿಂತಿದ್ದಾನೆ, ನಾವು ದಾರಿ ನೋಡುತ್ತಿದ್ದೇವೆ ಎಂಬುದು ಅವರ ಅಭಿಪ್ರಾಯ. ತಾಯಿಯವರ ಮರೆವನ್ನು ಕಂಡು ಮರುಗಿದ ನಾವೆಲ್ಲರೂ ಉತ್ಪಲದೇವರ ದೃಷ್ಟಿಯಲ್ಲಿ ಅದೇ ಜಗಲಿಯಲ್ಲಿ ನಿಂತವರೇ.

ಶಾಸ್ತ್ರಜ್ಞರು ವಾದದಿಂದ ಹಿಡಿಯಲೆಳಸಿದುದನ್ನು ದೇವಾಲಯಗಳ ಪದ್ಧತಿಯು ಕ್ರಿಯೆಯಿಂದಲೇ ನಡೆಸಿಕೊಂಡು ಬಂದಿದೆ. ಪುರಿಯ ಜಗನ್ನಾಥನ ಬಿಂಬಗಳು ಬೇವಿನ ಮರದವು. ಅಧಿಕ ಆಷಾಢ ಬಂದ ಕೆಲವು ವರ್ಷಗಳಲ್ಲಿ ನವಕಳೇವರವೆಂಬ ಉತ್ಸವ ನಡೆದು ಬಿಂಬಗಳೇ ಹೊಸವಾಗುತ್ತವೆ. 1977, 1996, 2015ರಲ್ಲಿ ಹಾಗಾಯಿತು. ಇರುಳಿನಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ವೃದ್ಧ ಸೇವಕರು ಬ್ರಹ್ಮಪದಾರ್ಥವನ್ನು ಹಳೆಯ ಬಿಂಬದಿಂದ ಹೊಸ ಬಿಂಬಕ್ಕೆ ಸಾಗಿಸುತ್ತಾರೆ. ಅದೇನೆಂದು ಸಾಗಿಸುವವರೂ ನೋಡುವಂತಿಲ್ಲ.

ನಮ್ಮಲ್ಲಿಯೂ ಅನುಜ್ಞಾಕಲಶದ ಬಳಿಕ ತಂತ್ರಿಗಳು ಬಿಂಬದ ಚೈತನ್ಯವನ್ನು ಸಂಕೋಚಗೊಳಿಸಿ ಕಲಶದ ನೀರಿಗೆ ಆವಾಹಿಸಿ ಬಾಲಾಲಯಕ್ಕೆ ಬಿಜಯಮಾಡಿಸಿದುದನ್ನು ತಾವೆಲ್ಲರೂ ನೋಡಿದ್ದೀರಿ. ಗೋಡೆ ಬಿಚ್ಚಿದ್ದು, ಪಕ್ಕಾಸು ಇಳಿಸಿದ್ದು ಎಲ್ಲವೂ ಆಮೇಲೆಯೇ. ಪುನಃಪ್ರತಿಷ್ಠೆಯ ದಿನ ಅದೇ ಕ್ರಮವು ತಿರುಗುಮುರುಗಾಗಿ ನಡೆಯುವುದು, ಅಷ್ಟಬಂಧವಾಗುವುದು, ಬ್ರಹ್ಮಕಲಶವಾಗುವುದು. ಅಲ್ಲಿಯವರೆಗೆ ಶ್ರೀ ದೇವರು ಇರುವುದು ತಗಡಿನ ಮಾಡಿನ ಕೆಳಗೆ, ಒಂದು ಪುಟ್ಟ ಕೋಣೆಯಲ್ಲಿ. ನೈವೇದ್ಯದ ಅಕ್ಕಿಯ ಅಳತೆ ಹಿಂದಿನಷ್ಟೇ ಇದೆ. ತ್ರಿಕಾಲ ಪೂಜೆಯು ಒಂದು ದಿನವೂ ತಪ್ಪಿಲ್ಲ.